ಎಡಚರಿಗೆ ಕಲಿಸುತ್ತಿರುವ ಅರ್ಧ ಪಾಠ

2025ರ ಮೇ ತಿಂಗಳಲ್ಲಿ ದೋಹಾದಲ್ಲಿ ಚೀನಾದ ಎಡಗೈ ಆಟಗಾರ ವಾಂಗ್ ಚುಚಿನ್ ಅವರು ಬ್ರೆಜಿಲ್‌ನ ಹ್ಯೂಗೊ ಕಾಲ್ಡೆರಾನೊ ಅವರನ್ನು 4-1ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. ಅದರೊಂದಿಗೆ ಹಳೆಯ ಮಾತೊಂದು ಮತ್ತೆ ಚಾಲ್ತಿಗೆ ಬಂತು: ಟೇಬಲ್ ಟೆನಿಸ್‌ನಲ್ಲಿ ಎಡಗೈ ಆಟಗಾರನಿಗೆ ಹುಟ್ಟಿನಿಂದಲೇ ಒಂದು ಅನುಕೂಲವಿದೆ, ಅದು ಕೋನದ ಅನುಕೂಲ. ವೀಕ್ಷಕ ವಿವರಣೆಗಾರರು ಇದನ್ನು ಹೇಳುತ್ತಾರೆ, ಕೋಚ್‌ಗಳು ಹೇಳುತ್ತಾರೆ, ಎಡಚ ಮಕ್ಕಳ ತಂದೆತಾಯಿ ನಂಬುತ್ತಾರೆ. ನನ್ನ ತಕರಾರು ಇರುವುದು ಈ ಮಾತಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ಇದನ್ನೇ ನೆಚ್ಚಿಕೊಂಡು ನಡೆಯುವ ತರಬೇತಿಯ ಮೇಲೆ. ಪುರುಷರ ಸಿಂಗಲ್ಸ್‌ನಲ್ಲಿ ವಾಂಗ್‌ಗಿಂತ ಮೊದಲು ವಿಶ್ವಪಟ್ಟ ಗೆದ್ದ ಎಡಚ ಫ್ರಾನ್ಸಿನ ಜೀನ್ ಫಿಲಿಪ್ ಗಾಟಿಯೆನ್, ಅದೂ 1993ರಲ್ಲಿ. ನಡುವೆ 32 ವರ್ಷ. 1992ರಿಂದ 2024ರವರೆಗಿನ ಒಂಬತ್ತು ಒಲಿಂಪಿಕ್ಸ್‌ಗಳಲ್ಲಿ ಪುರುಷರ ಸಿಂಗಲ್ಸ್ ಚಿನ್ನ ಒಮ್ಮೆಯೂ ಎಡಗೈಗೆ ಸಿಕ್ಕಿಲ್ಲ. ಹುಟ್ಟಿನಿಂದ ಬಂದ ವರ ಇಷ್ಟು ದೀರ್ಘಕಾಲ ಫಲ ಕೊಡದೆ ಇದ್ದರೆ, ಅದು ವರವೇ ಹೌದೇ ಎಂದು ಕೇಳಲೇಬೇಕು.

ಕೋನದ ವಾದ ಎಲ್ಲರಿಗೂ ಗೊತ್ತಿರುವಂಥದ್ದೇ. ಎಡಚನ ಫೋರ್‌ಹ್ಯಾಂಡ್ ಹೊಡೆತ ಟೇಬಲ್ಲಿನ ಕರ್ಣದಗುಂಟ ಹೋಗಿ ಬಲಗೈಯವನ ಬ್ಯಾಕ್‌ಹ್ಯಾಂಡ್ ಮೂಲೆಗೆ ಬೀಳುತ್ತದೆ. ಟೇಬಲ್ಲಿನ ಉದ್ದ 2.74 ಮೀಟರ್, ಕರ್ಣ ಸುಮಾರು 3.14 ಮೀಟರ್. ಜೋರಾಗಿ ಹೊಡೆದ ಚೆಂಡು ಇಳಿಯಲು ಹೆಚ್ಚು ಜಾಗ, ಜೊತೆಗೆ ಎದುರಾಳಿಯ ಸೊರಗಿದ ಬದಿ. ಇಷ್ಟು ನಿಜ. ಆದರೆ ಟೇಬಲ್ಲಿಗೆ ಕರ್ಣಗಳು ಎರಡು. ಇನ್ನೊಂದರಲ್ಲಿ ಬಲಗೈಯವನ ಫೋರ್‌ಹ್ಯಾಂಡ್ ಬಂದು ಎಡಚನ ಬ್ಯಾಕ್‌ಹ್ಯಾಂಡ್ ಮೂಲೆಗೆ ಅಪ್ಪಳಿಸುತ್ತದೆ: ಅದೇ ಉದ್ದ, ಅದೇ ಕೋನ, ಅದೇ ಜೋರು. ಟೇಬಲ್ಲು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಎಡಚನಿಗೆ ಏನು ಸಿಗುತ್ತದೋ ಅದೇ ಅಳತೆಯಲ್ಲಿ ಅವನ ಎದುರಾಳಿಗೂ ಸಿಗುತ್ತದೆ.

ಇದನ್ನು ಒಪ್ಪದವರು ತಕ್ಷಣ ಎಡಚನ ಸರ್ವ್ ಕಡೆ ಬೆರಳು ತೋರಿಸುತ್ತಾರೆ. ಹಾಗಾದರೆ ಆ ಸರ್ವನ್ನೇ ಬಿಡಿಸಿ ನೋಡೋಣ. ಎಡಚ ತನ್ನ ಬಲಮೂಲೆಯಲ್ಲಿ, ಅಂದರೆ ಬ್ಯಾಕ್‌ಹ್ಯಾಂಡ್ ಮೂಲೆಯಲ್ಲಿ, ಓರೆಯಾಗಿ ನಿಲ್ಲುತ್ತಾನೆ. ಚೆಂಡನ್ನು ಮೇಲೆ ಚಿಮ್ಮಿ, ಬ್ಯಾಟಿನ ತುದಿಯನ್ನು ಕೆಳಗೆ ಮಾಡಿ ಎಡದಿಂದ ಬಲಕ್ಕೆ ಬೀಸುತ್ತಾನೆ. ಇದು ಪೆಂಡುಲಮ್ ಸರ್ವ್. ಚೆಂಡು ಗಾಳಿಯಲ್ಲಿ ಅವನ ಎಡಕ್ಕೆ ಬಾಗುತ್ತ, ಆಚೆ ಬದಿಯಲ್ಲಿ ಗಿಡ್ಡವಾಗಿ ಬಿದ್ದು, ಬಲಗೈಯವನ ಫೋರ್‌ಹ್ಯಾಂಡಿನಿಂದ ಹೊರಗೆ ಓಡುತ್ತದೆ. ಬಲಗೈಯವನು ಬಲಗಾಲನ್ನು ಟೇಬಲ್ಲಿನ ಕೆಳಗೆ ತೂರಿಸಿ ಕೈ ಚಾಚಬೇಕು. ಸುಮ್ಮನೆ ಮುಟ್ಟಿದರೆ ಸೈಡ್‌ಸ್ಪಿನ್ ಚೆಂಡನ್ನು ಎಡಚ ನಿಂತ ಮೂಲೆಗೇ ಎಳೆದು ತರುತ್ತದೆ, ಇಲ್ಲವೇ ಟೇಬಲ್ಲಿನ ಹೊರಗೆ ಬಿಸಾಡುತ್ತದೆ. ಬಂದ ಚೆಂಡನ್ನು ಎಡಚ ಖಾಲಿ ಬಿದ್ದ ಬ್ಯಾಕ್‌ಹ್ಯಾಂಡ್ ಬದಿಗೆ ಹೊಡೆದು ಮುಗಿಸುತ್ತಾನೆ. ಪಾಠ ಇಲ್ಲಿಗೆ ನಿಲ್ಲುತ್ತದೆ. ಎಡಚ ಹುಡುಗನಿಗೆ ಮೊದಲ ವರ್ಷ ಹೇಳಿಕೊಡುವುದೂ ಇದನ್ನೇ, ಐದನೆಯ ವರ್ಷ ತಿದ್ದುವುದೂ ಇದನ್ನೇ.

ಪಾಠ ನಿಂತಲ್ಲೇ ಆಟ ಶುರುವಾಗುವುದು. ಆ ಸರ್ವನ್ನು ನೂರು ಸಲ ನೋಡಿದ ಬಲಗೈಯವನು ಮುಟ್ಟಿ ಸುಮ್ಮನಾಗುವುದಿಲ್ಲ. ಚೆಂಡು ಪಕ್ಕದ ಗೆರೆಯಿಂದಾಚೆ ಹೋದಷ್ಟೂ ಅವನಿಗೆ ಕೋನ ತೆರೆದುಕೊಳ್ಳುತ್ತದೆ. ಸ್ಪಿನ್ ಎಳೆಯುವ ದಿಕ್ಕಿಗೆ ಎದುರಾಗಿ ಬ್ಯಾಟಿನ ಮುಖವನ್ನು ತುಸು ಬಲಕ್ಕೆ ತಿರುಗಿಸಿ ನೇರಗೆರೆಯಲ್ಲಿ ತಳ್ಳಿದರೆ ಚೆಂಡು ಹೋಗುವುದು ಎಡಚನ ಫೋರ್‌ಹ್ಯಾಂಡ್ ಮೂಲೆಗೆ. ಎಡಚ ಎಲ್ಲಿದ್ದಾನೆ? ಸರ್ವ್ ಮಾಡಿದ ಬಲಮೂಲೆಯಲ್ಲಿ. ಟೇಬಲ್ಲಿನ ಪೂರ್ತಿ ಅಗಲ, ಒಂದೂವರೆ ಮೀಟರ್, ಅವನು ಓಡಬೇಕು. ಓಡಿ ಮುಟ್ಟಿದನೆಂದುಕೊಳ್ಳಿ, ಆಗ ಮುಂದಿನ ಚೆಂಡು ಅವನು ಬಿಟ್ಟುಬಂದ ಬ್ಯಾಕ್‌ಹ್ಯಾಂಡ್ ಮೂಲೆಗೆ ಬಂದಿರುತ್ತದೆ. ಸರ್ವ್, ಎದುರಾಳಿಯ ರಿಟರ್ನ್, ಮೂರನೆಯ ಚೆಂಡು: ಈ ಮೂರನ್ನೇ ಕಲಿಸಿ ಐದನೆಯದನ್ನು ಕಲಿಸದೆ ಬಿಟ್ಟರೆ, ಎಡಚನ ಹೆಸರಾಂತ ಅಸ್ತ್ರ ಅವನ ಅಂಗಳವನ್ನೇ ಬಯಲು ಮಾಡಿಕೊಡುತ್ತದೆ. ಇನ್ನೊಂದು ಸಂಗತಿಯನ್ನಂತೂ ಯಾರೂ ಎತ್ತುವುದಿಲ್ಲ. ಬಲಗೈಯವನು ತನ್ನ ಎಡಮೂಲೆಯಿಂದ ಇದೇ ಪೆಂಡುಲಮ್ ಸರ್ವ್ ಮಾಡಿದರೆ ಅದೂ ಎಡಚನ ಫೋರ್‌ಹ್ಯಾಂಡಿನಿಂದ ಹೊರಗೆ ಓಡುತ್ತದೆ, ಕನ್ನಡಿಯಲ್ಲಿ ಕಂಡಂತೆ.

ಹಾಗಿದ್ದರೂ ಎಡಚರು ಗೆಲ್ಲುತ್ತಾರಲ್ಲ, ಮೇಲಿನ ಹಂತದಲ್ಲಿ ಅಷ್ಟು ಜನ ಇದ್ದಾರಲ್ಲ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ನನ್ನ ಜಗಳ ಅಂಕಿಅಂಶ ಹಿಡಿದು ಬರುವವರ ಜೊತೆ. 2017ರಲ್ಲಿ ಜರ್ಮನಿಯ ಫ್ಲೋರಿಯನ್ ಲೋಫಿಂಗ್ ಪ್ರಕಟಿಸಿದ ಅಧ್ಯಯನವನ್ನು ಅವರು ಮುಂದೊಡ್ಡುತ್ತಾರೆ. ಟೇಬಲ್ ಟೆನಿಸ್‌ನ ಅಗ್ರ ಆಟಗಾರರಲ್ಲಿ ಸುಮಾರು ಕಾಲು ಭಾಗ ಎಡಚರು ಎಂದು ಅದು ಹೇಳುತ್ತದೆ. ಸಾಮಾನ್ಯ ಜನರಲ್ಲಿ ಎಡಚರು ಹತ್ತರಲ್ಲಿ ಒಬ್ಬರ ಆಸುಪಾಸು. ಇದನ್ನು ಕೋನದ ವಾದಕ್ಕೆ ಸಾಕ್ಷಿಯೆಂದು ಬಳಸುವವರು ಅದೇ ಅಧ್ಯಯನದ ಉಳಿದರ್ಧವನ್ನು ಮರೆಯುತ್ತಾರೆ. ಸ್ಕ್ವಾಷ್‌ನ ಅಗ್ರ ಆಟಗಾರರಲ್ಲಿ ಎಡಚರು ಶೇ 10ಕ್ಕೂ ಕಡಿಮೆ. ಸ್ಕ್ವಾಷ್‌ನಲ್ಲೂ ಫೋರ್‌ಹ್ಯಾಂಡ್ ಬ್ಯಾಕ್‌ಹ್ಯಾಂಡ್ ಇವೆ, ಕೋನಗಳೂ ಇವೆ. ಕೋನವೇ ಕಾರಣವಾಗಿದ್ದರೆ ಅಲ್ಲೂ ಎಡಚರು ತುಂಬಿರಬೇಕಿತ್ತು. ಲೋಫಿಂಗ್ ಅವರ ವಾದವೇ ಬೇರೆ: ಎದುರಾಳಿಯ ಹೊಡೆತಕ್ಕೂ ನಮ್ಮ ಉತ್ತರಕ್ಕೂ ನಡುವಿನ ಸಮಯ ಕಡಿಮೆಯಾದಷ್ಟೂ ಎಡಚರ ಪ್ರಮಾಣ ಹೆಚ್ಚುತ್ತದೆ. ಯೋಚಿಸಲು ಸಮಯವಿಲ್ಲದಾಗ ಕಣ್ಣಿಗೆ ರೂಢಿಯಿಲ್ಲದ ಚಲನೆ ಮೋಸ ಮಾಡುತ್ತದೆ. ಎಡಚ ದಿನವೂ ಬಲಗೈಯವರೊಡನೆ ಆಡುತ್ತಾನೆ, ಬಲಗೈಯವನಿಗೆ ಎಡಚರು ಸಿಗುವುದು ಅಪರೂಪ. ಅನುಕೂಲ ಇರುವುದು ಈ ಅಪರೂಪದಲ್ಲಿ, ಜ್ಯಾಮಿತಿಯಲ್ಲಿ ಅಲ್ಲ.

2001ರಲ್ಲಿ ಗೇಮ್ 21 ಅಂಕದಿಂದ 11ಕ್ಕೆ ಇಳಿದದ್ದು ಈ ಅಪರೂಪದ ಬೆಲೆಯನ್ನು ಹೆಚ್ಚಿಸಿತು ಎಂದೇ ನನ್ನ ಎಣಿಕೆ. ಮೂರು ಸರ್ವ್ ಅರ್ಥವಾಗದೆ ಹೋದರೆ ಗೇಮಿನ ಕಾಲು ಭಾಗ ಕೈಬಿಟ್ಟಂತೆ. ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ಎಡಚ ಮಕ್ಕಳು ಬೇಗ ಮೇಲೆ ಬರುವುದಕ್ಕೂ ಮುಂದೆ ಹಲವರು ಅಲ್ಲೇ ನಿಂತುಬಿಡುವುದಕ್ಕೂ ಈ ಅಪರೂಪವೇ ಕಾರಣ. ಮೇಲೆ ಹೋದಂತೆ ಎದುರಾಳಿಗಳಿಗೆ ಎಡಗೈ ರೂಢಿಯಾಗುತ್ತದೆ. ಚೀನಾದ ಬಲಗೈ ಆಟಗಾರ ಮಾ ಲಾಂಗ್ ಅವರ ತಂಡದಲ್ಲೇ ಎಡಚ ಷು ಷಿನ್ ಇದ್ದರು. ಅಂಥವರ ಮುಂದೆ ಎಡಗೈಯ ಅಚ್ಚರಿ ಎಷ್ಟು ಹೊತ್ತು ಉಳಿದೀತು? ಷು ಷಿನ್ ಅವರಷ್ಟು ದೂರದಿಂದ, ಅಷ್ಟು ಬಾಗಿಸಿ ಫೋರ್‌ಹ್ಯಾಂಡ್ ಹೊಡೆದ ಎಡಚ ವಿರಳ. ವಿಶ್ವದ ಮೊದಲ ಸ್ಥಾನಕ್ಕೂ ಅವರು ಏರಿದರು. ವಿಶ್ವ ಸಿಂಗಲ್ಸ್ ಪಟ್ಟ ಮಾತ್ರ ಒಲಿಯಲಿಲ್ಲ. ಯುರೋಪಿಯನ್ ಸಿಂಗಲ್ಸ್ ಪಟ್ಟವನ್ನು ಎಂಟು ಸಲ ಗೆದ್ದ ಜರ್ಮನಿಯ ಎಡಚ ಟಿಮೊ ಬೋಲ್ ಅವರಿಗೂ ಅಷ್ಟೇ, ವಿಶ್ವ ಚಾಂಪಿಯನ್‌ಷಿಪ್ ಸಿಂಗಲ್ಸ್‌ನಲ್ಲಿ 2011 ಮತ್ತು 2021ರ ಕಂಚುಗಳಿಂದಾಚೆ ಹೋಗಲಿಲ್ಲ.

ಮಹಿಳೆಯರ ಲೆಕ್ಕ ನನ್ನ ವಾದಕ್ಕೆ ಒಗ್ಗುವುದಿಲ್ಲ, ಅದನ್ನೂ ಹೇಳಬೇಕು. ಚೀನಾದ ವಾಂಗ್ ನಾನ್ ಮೂರು ಸಲ, ಡಿಂಗ್ ನಿಂಗ್ ಮೂರು ಸಲ ಸಿಂಗಲ್ಸ್ ವಿಶ್ವಪಟ್ಟ ಗೆದ್ದರು. 2000ದ ಸಿಡ್ನಿ ಚಿನ್ನ ವಾಂಗ್ ನಾನ್ ಅವರದು, 2016ರ ರಿಯೊ ಚಿನ್ನ ಡಿಂಗ್ ನಿಂಗ್ ಅವರದು. ಇಬ್ಬರೂ ಎಡಗೈಯವರು. ಆದರೆ ಡಿಂಗ್ ನಿಂಗ್ ಅವರನ್ನು ಬಲಗೈಯವರು ಬ್ಯಾಕ್‌ಹ್ಯಾಂಡ್ ಮೂಲೆಯಲ್ಲಿ ಕಟ್ಟಿಹಾಕಲು ಆಗಲಿಲ್ಲ ಎಂಬುದನ್ನು ಗಮನಿಸಿ. ಗೆಲುವಿನ ಬೇರು ಅಲ್ಲಿದೆ. ವಾಂಗ್ ಚುಚಿನ್ ಕೂಡ ಟೇಬಲ್ಲಿಗೆ ಅಂಟಿ ನಿಂತು ಬ್ಯಾಕ್‌ಹ್ಯಾಂಡಿನಿಂದಲೇ ದಾಳಿಗಿಳಿಯುವ ಆಟಗಾರ.

ನಮ್ಮ ತರಬೇತಿ ತಪ್ಪುವುದು ಇಲ್ಲಿಯೇ. ಸಾಮಾನ್ಯ ಕೋಚಿಂಗ್ ಹಾಲ್ ಒಂದರಲ್ಲಿ ಕರ್ಣದ ಅಭ್ಯಾಸ ಹೇಗೆ ನಡೆಯುತ್ತದೆ ನೋಡಿ. ಬಲಗೈಯ ಜೊತೆಗಾರ ತನ್ನ ಬ್ಯಾಕ್‌ಹ್ಯಾಂಡ್ ಮೂಲೆಯಲ್ಲಿ ನಿಂತು ಬ್ಲಾಕ್ ಮಾಡುತ್ತಾನೆ, ಎಡಚ ಫೋರ್‌ಹ್ಯಾಂಡ್ ಟಾಪ್‌ಸ್ಪಿನ್ ಹೊಡೆಯುತ್ತಾನೆ. ಇಬ್ಬರಿಗೂ ಹಿತ, ನೋಡುವವರಿಗೂ ಚೆಂದ. ಜೊತೆಗಾರನ ಸರದಿ ಬಂದಾಗ ಅವನು ಫೋರ್‌ಹ್ಯಾಂಡ್ ಹೊಡೆಯಬೇಕು, ಎಡಚ ಬ್ಯಾಕ್‌ಹ್ಯಾಂಡಿನಲ್ಲಿ ತಡೆಯಬೇಕು. ಆಗ ಎಡಚ ಬರೀ ತಡೆಯುತ್ತಾನೆ, ತಿರುಗಿ ಹೊಡೆಯುವುದಿಲ್ಲ, ಯಾಕೆಂದರೆ ಅದು ಜೊತೆಗಾರನ ಅಭ್ಯಾಸ. ಪಂದ್ಯದಲ್ಲಿ ಅವನನ್ನು ಸೋಲಿಸುವ ಕರ್ಣದಲ್ಲಿ ಅಭ್ಯಾಸದುದ್ದಕ್ಕೂ ಅವನು ಗೋಡೆಯಾಗಿ ನಿಂತಿರುತ್ತಾನೆ. ಬುಟ್ಟಿಯಿಂದ ಒಂದರ ಹಿಂದೊಂದು ಚೆಂಡು ಕೊಡುವ ಮಲ್ಟಿಬಾಲ್ ಅಭ್ಯಾಸ ಕೂಡ ಬೇರೆಯಲ್ಲ. ಬಲಗೈಯ ಕೋಚ್ ತನಗೆ ಅನುಕೂಲವಾದ ಜಾಗದಲ್ಲಿ ನಿಂತು ಚೆಂಡು ಕೊಡುತ್ತಾರೆ. ಎದುರಾಳಿಯ ಫೋರ್‌ಹ್ಯಾಂಡ್ ಮೂಲೆಯ ಹೊರಗಿನಿಂದ ಅಗಲವಾಗಿ ತಿರುಗಿ ಬರುವ ಟಾಪ್‌ಸ್ಪಿನ್, ಅಂದರೆ ಎಡಚ ಪಂದ್ಯದಲ್ಲಿ ಅತಿ ಹೆಚ್ಚು ಎದುರಿಸುವ ಚೆಂಡು, ಆ ಬುಟ್ಟಿಯಿಂದ ಬರುವುದೇ ಇಲ್ಲ. ಕೋಚ್ ಎರಡು ಹೆಜ್ಜೆ ಬಲಕ್ಕೆ ಸರಿದು ನಿಂತರೆ ಆಗುವ ಕೆಲಸ ಇದು. ಎಡಚನಿಗೆ ಬೇಕಾದದ್ದು ಆ ಚೆಂಡನ್ನು ಬ್ಯಾಕ್‌ಹ್ಯಾಂಡಿನಿಂದ ನೇರಗೆರೆಯಲ್ಲಿ, ಎದುರಾಳಿ ಬಿಟ್ಟುಬಂದ ಬದಿಗೆ ಹೊಡೆಯುವ ರೂಢಿ.

ಎಡಗೈಗೆ ನಿಜವಾದ ಅನುಕೂಲ ಇರುವುದು ಡಬಲ್ಸ್‌ನಲ್ಲಿ. ಅಲ್ಲಿ ನಿಯಮವೇ ಎಡಬಲಗಳ ಸಮತೋಲ ತಪ್ಪಿಸುತ್ತದೆ. ಸರ್ವ್ ಬಲಭಾಗದಿಂದ ಹೊರಟು ಎದುರಿನವರ ಬಲಭಾಗಕ್ಕೇ ಬೀಳಬೇಕು. ಎಡಚ ಬಲಕ್ಕೆ ಹೊರಗೆ ನಿಂತು ಸರ್ವ್ ಮಾಡಿ ಹಾಗೇ ಸರಿದುಬಿಡಬಹುದು, ಜೊತೆಗಾರನಿಗೆ ಇಡೀ ಟೇಬಲ್ಲು ತೆರೆದಿರುತ್ತದೆ. ರಿಟರ್ನ್ ಮಾಡುವಾಗಲೂ ಹೊರಗೆ ನಿಂತು ಆ ಅರ್ಧಭಾಗವನ್ನು ಪೂರ್ತಿ ಫೋರ್‌ಹ್ಯಾಂಡಿನಲ್ಲಿ ಆಡಬಹುದು. 1992ರಲ್ಲಿ ಲು ಲಿನ್ ಜೊತೆ ವಾಂಗ್ ಟಾವ್, 2004ರಲ್ಲಿ ಮಾ ಲಿನ್ ಜೊತೆ ಚೆನ್ ಚಿ, ಟೋಕಿಯೊದಲ್ಲಿ ಮಿಮಾ ಇಟೊ ಜೊತೆ ಜುನ್ ಮಿಜುಟಾನಿ, 2024ರ ಪ್ಯಾರಿಸ್‌ನಲ್ಲಿ ಸುನ್ ಯಿಂಗ್ಶಾ ಜೊತೆ ವಾಂಗ್ ಚುಚಿನ್: ಒಲಿಂಪಿಕ್ ಚಿನ್ನ ಗೆದ್ದ ಈ ಜೋಡಿಗಳಲ್ಲೆಲ್ಲ ಒಂದು ಕೈ ಎಡಗೈ. ಎಡಚ ಮಗುವಿಗೆ ಚಿಕ್ಕಂದಿನಿಂದಲೇ ಡಬಲ್ಸ್ ಕಲಿಸಬೇಕು. ನಮ್ಮಲ್ಲಿ ಅದನ್ನು ಟೂರ್ನಿಗೆ ಎರಡು ದಿನ ಇರುವಾಗ ಜೋಡಿ ಕಟ್ಟುವ ಕೆಲಸವಾಗಿ ಉಳಿಸಿಕೊಂಡಿದ್ದೇವೆ.

ಉಳಿದದ್ದು ಎಡಚ ಎಡಚನ ಎದುರು ನಿಲ್ಲುವ ಪಂದ್ಯ. ಆಗ ಇಬ್ಬರ ಫೋರ್‌ಹ್ಯಾಂಡ್‌ಗಳೂ ಒಂದೇ ಕರ್ಣದ ಮೇಲೆ ಬರುತ್ತವೆ. ಹೊರಗೆ ಓಡುವ ಆ ಸರ್ವ್ ಈಗ ಎದುರಾಳಿಯ ಬ್ಯಾಕ್‌ಹ್ಯಾಂಡಿಗೆ ಹೋಗುತ್ತದೆ. ಅದಕ್ಕೆ ಬರುವ ರಿಟರ್ನಿನ ಓಟ ಇಬ್ಬರಿಗೂ ಹೊಸದು. ಹಾಲಿಗೊಬ್ಬನೇ ಎಡಚ ಇರುವಲ್ಲಿ ಈ ಅಭ್ಯಾಸ ಸಾಧ್ಯವೇ ಇಲ್ಲ. ಊರಿನ ನಾಲ್ಕಾರು ಕೇಂದ್ರಗಳು ತಮ್ಮ ತಮ್ಮ ಎಡಚರನ್ನು ವಾರಕ್ಕೊಮ್ಮೆ ಒಂದೇ ಹಾಲಿಗೆ ಕಳಿಸಿದರೆ ಆಗುತ್ತದೆ. ತಮ್ಮ ಹುಡುಗನ ಆಟ ಬೇರೆ ಕೇಂದ್ರದವರಿಗೆ ಗೊತ್ತಾಗಿಬಿಡುತ್ತದೆ ಎಂಬ ಅಂಜಿಕೆಯನ್ನು ಕೋಚ್‌ಗಳು ಬಿಡಬೇಕು. ಆ ಹುಡುಗ ರಾಜ್ಯ ಮಟ್ಟದ ಮೊದಲ ಸುತ್ತಿನಲ್ಲೇ ಇನ್ನೊಬ್ಬ ಎಡಚನಿಗೆ ಸಿಕ್ಕಿಬೀಳಬಹುದು.