ಲಾಗ್ ಕಡತಗಳು: ಒಂದು ಆಕರ ವಿಮರ್ಶೆ

ಗಣಕಯಂತ್ರದ 'ಫೈಲು' ಎಂಬುದಕ್ಕೆ ಕನ್ನಡದಲ್ಲಿ 'ಕಡತ' ಎಂಬ ಶಬ್ದವು ರೂಢವಾಗಿದೆ. ಹಿಂದಿನವರ ಕಡತವೆಂದರೆ ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಕಪ್ಪಾಗಿಸಿದ ಮಡಿಕೆಯ ಬಟ್ಟೆ. ಬಳಪದಿಂದ ಬರೆದುದನ್ನು ಒರೆಸಿ ಅದರ ಮೇಲೆಯೇ ಮತ್ತೆ ಬರೆಯಬಹುದಾಗಿತ್ತು. ಶೃಂಗೇರಿ ಮಠದ ಕಡತಗಳು ಇಂದು ಇತಿಹಾಸಕ್ಕೆ ಆಕರಗಳಾಗಿ ಉಳಿದಿದ್ದರೆ, ಅದು ಒರೆಸದೆ ಕಾಪಾಡಿದವರ ಎಚ್ಚರದ ಫಲವೇ ಹೊರತು ಬಟ್ಟೆಯ ಗುಣವಲ್ಲ.

ಡೇಟಾಬೇಸ್ ಸರ್ವರಿನ ಲಾಗ್ ಕಡತಗಳನ್ನು ನಾವು ಇದೇ ದೃಷ್ಟಿಯಿಂದ ಪರಿಶೀಲಿಸಬೇಕಾಗಿದೆ. ಇದು ಯಂತ್ರಜ್ಞರಿಗೆ ಮಾತ್ರ ಸೇರಿದ ವಿಷಯವೆಂದು ಭಾವಿಸುವುದು ಸರಿಯಲ್ಲ. 'ಭೂಮಿ' ಯೋಜನೆಯ ಮೂಲಕ 2002ರ ಹೊತ್ತಿಗೆ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಕಮಲಾಪುರದ ಕೆಂಪುಬಾಳೆಯ ತೋಟವೊಂದು ಕೈ ಬದಲಾಯಿಸಿತೆನ್ನೋಣ. ಪಹಣಿಯು ಈಗಿನ ಒಡೆಯನನ್ನು ಹೇಳುತ್ತದೆ. ಮ್ಯುಟೇಶನ್ ಆದೇಶವು ಕಾರಣವನ್ನು ಹೇಳುತ್ತದೆ. ಯಾವ ಖಾತೆಯಿಂದ, ಯಾವ ಗಳಿಗೆಯಲ್ಲಿ ಅಕ್ಷರ ಬದಲಾಯಿತೆಂಬುದನ್ನು ಹೇಳಬಲ್ಲದ್ದು ಲಾಗ್ ಮಾತ್ರ.

ಆದರೆ ಲಾಗುಗಳೆಲ್ಲ ಒಂದೇ ಜಾತಿಯವಲ್ಲ. ವ್ಯವಹಾರ ಲಾಗು ಯಂತ್ರದ ಆತ್ಮರಕ್ಷಣೆಗಾಗಿ ಇರತಕ್ಕದ್ದು: ಮೂಲ ದತ್ತಾಂಶವನ್ನು ತಿದ್ದುವ ಮುನ್ನವೇ ಬದಲಾವಣೆಯನ್ನು ಇಲ್ಲಿ ಬರೆದಿಟ್ಟರೆ, ನಡುವೆ ವಿದ್ಯುತ್ತು ಹೋದರೂ ಲೆಕ್ಕ ಕೆಡುವುದಿಲ್ಲ. ಆ ಕೆಲಸ ತೀರಿದ ಬಳಿಕ ಪೋಸ್ಟ್‌ಗ್ರೆಸ್ ಹಳೆಯ ತುಣುಕುಗಳಿಗೆ ಹೊಸ ಹೆಸರಿಟ್ಟು ಮತ್ತೆ ಬಳಸುತ್ತದೆ. ಕಪ್ಪುಬಟ್ಟೆಯನ್ನು ಒರೆಸಿದಂತೆಯೇ ಸರಿ. ಚಟುವಟಿಕೆಯ ಲಾಗು ಬೇರೆ; ನಮಗೆ ಸಾಕ್ಷಿಯಾಗಬೇಕಾದುದು ಅದು. ಅಲ್ಲಿಯೇ ತಯಾರಕರ ಪೂರ್ವನಿಶ್ಚಿತ ಏರ್ಪಾಡುಗಳು ಅತ್ಯಂತ ಬಡವಾಗಿವೆ. ಪೋಸ್ಟ್‌ಗ್ರೆಸ್ ತಾನಾಗಿ ಆಜ್ಞೆಗಳನ್ನು ದಾಖಲಿಸುವುದೇ ಇಲ್ಲ. ಎಸ್‌ಕ್ಯೂಎಲ್ ಸರ್ವರ್ ಚಾಲ್ತಿಯ ದೋಷಲಾಗಿನ ಹಿಂದೆ ಆರು ಹಳೆಯವನ್ನು ಮಾತ್ರ ಇಡುತ್ತದೆ. ಏಳು ಸಲ ಪುನರಾರಂಭವಾದರೆ ಇಂದಿನದು ಇಲ್ಲ. ಮೈಎಸ್‌ಕ್ಯೂಎಲ್ 8.0ರಲ್ಲಿ ಬದಲಾವಣೆಗಳ ಬೈನರಿ ಲಾಗಿಗೆ 30 ದಿನಗಳ ಆಯುಸ್ಸು.

ಕಾನೂನಾದರೂ ನೆರವಾಗುವುದೇ? ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನವು ಲಾಗುಗಳನ್ನು 180 ದಿನ ಇಡಬೇಕೆನ್ನುತ್ತದೆ. ಒಡೆತನದ ಆಧಾರದಲ್ಲಿ ಜಮೀನಿನ ಸ್ವಾಧೀನ ಕೋರಲು 1963ರ ಕಾಲಮಿತಿ ಕಾಯಿದೆ ಕೊಟ್ಟಿರುವುದಾದರೋ 12 ವರ್ಷ! ಸೇಡಂ ರಸ್ತೆಯ ಈ ವಿಶ್ವವಿದ್ಯಾನಿಲಯಕ್ಕೆ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಿಗೆ ಈ ಅಂತರದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲವನ್ನೂ ಬರೆದಿಡಬೇಕೆಂದು ನಾವು ವಾದಿಸುವುದಿಲ್ಲ. ಡಿಸ್ಕು ತುಂಬಿದರೆ ಸರ್ವರೇ ನಿಲ್ಲಬಹುದು. ಆಜ್ಞೆಗಳೊಡನೆ ಗುಪ್ತಪದಗಳೂ ಬಯಲಾಗಿ ಉಳಿದಾವು. ಓದುವಿಕೆಯನ್ನು ಬಿಟ್ಟು, ತಿದ್ದುವ ಆಜ್ಞೆಗಳನ್ನೂ ಸಂಪರ್ಕಗಳನ್ನೂ ದಾಖಲಿಸಿದರೆ ಬಹುಮಟ್ಟಿಗೆ ಸಾಕು. ದಿನಕ್ಕೊಂದು ಕಡತ, ದತ್ತಾಂಶದಿಂದ ಬೇರೆಯಾದ ಡಿಸ್ಕು, ಕಾಲವಲಯ ಸಹಿತವಾದ ಸಮಯ ಇವು ಸುಲಭದ ಏರ್ಪಾಡುಗಳು. ಕಷ್ಟವಾದುದು ಇನ್ನೊಂದಿದೆ. ದತ್ತಾಂಶವನ್ನು ತಿದ್ದಬಲ್ಲ ಆಡಳಿತಾಧಿಕಾರಿಯೇ ಲಾಗನ್ನೂ ಅಳಿಸಬಲ್ಲವನಾದರೆ ಅದು ಸಾಕ್ಷಿಯೆನಿಸದು. ಆದಕಾರಣ ಬರೆದ ಕ್ಷಣವೇ ಅದರ ಪ್ರತಿಯು ಅವನ ಅಧಿಕಾರಕ್ಕೆ ಒಳಪಡದ ಮತ್ತೊಂದು ಯಂತ್ರಕ್ಕೆ ಸೇರತಕ್ಕದ್ದು. ಆ ಯಂತ್ರದ ಕೀಲಿಯು ಮತ್ತೊಬ್ಬರ ಕೈಯಲ್ಲಿರತಕ್ಕದ್ದು.