ನಾಗಚಂದ್ರನ ರಾವಣ: ಪಶ್ಚಾತ್ತಾಪ ಮತ್ತು ಮಾನಕಷಾಯ

ಅಭಿನವಪಂಪನೆಂದು ಪ್ರಸಿದ್ಧನಾದ ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ವಿಮರ್ಶಕರ ಗಮನವನ್ನು ಬಹುವಾಗಿ ಸೆಳೆದಿರುವುದು ಪ್ರತಿನಾಯಕನಾದ ರಾವಣನ ಪಾತ್ರ. ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ರುದ್ರನಾಟಕಗಳ ಪರಿಚಯದ ಬೆಳಕಿನಲ್ಲಿ ಈತನನ್ನು ದುರಂತನಾಯಕನೆಂದು ವಿವೇಚಿಸಿದಂದಿನಿಂದ ಆ ದೃಷ್ಟಿ ಕನ್ನಡ ವಿಮರ್ಶೆಯಲ್ಲಿ ನೆಲೆಯೂರಿತು. ಇದರಿಂದ ಕಾವ್ಯಕ್ಕೆ ಉಪಕಾರವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಹಾಪುರುಷನೊಬ್ಬನನ್ನು ವಿಧಿಯೇ ಕೆಡಹಿತೆಂಬ ಮಾತು ಜೈನದರ್ಶನಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದು ವಿಚಾರಣೀಯ. ಜೀವನಿಗೆ ಹೊರಗಿನದಾದ ವಿಧಿಯೆಂಬುದು ಆ ದರ್ಶನದಲ್ಲಿಲ್ಲ; ತಾನು ಕಟ್ಟಿಕೊಂಡ ಕರ್ಮವನ್ನೇ ಜೀವನು ಉಣ್ಣುತ್ತಾನೆ.

ಸಾಂಪ್ರದಾಯಿಕ ವ್ಯಾಖ್ಯಾನದಲ್ಲಿಯೂ ಇಂತಹುದೇ ಒಂದು ತೊಡಕುಂಟು. ರಾವಣನು ಪ್ರತಿವಾಸುದೇವ, ವಾಸುದೇವನಾದ ಲಕ್ಷ್ಮಣನ ಕೈಯಲ್ಲಿ ಅವನಿಗೆ ಮರಣವು ನಿಶ್ಚಿತ, ಆದುದರಿಂದ ಅವನ ಅಂತರಂಗವನ್ನು ಶೋಧಿಸುವ ಅವಶ್ಯಕತೆಯಿಲ್ಲವೆಂದು ಕೆಲವರ ಅಭಿಪ್ರಾಯ. ಈ ಎರಡು ಮತಗಳೂ ಬೇರೆಬೇರೆ ದಾರಿಯಿಂದ ಬಂದು ಒಂದೇ ಎಡೆಯಲ್ಲಿ ನಿಲ್ಲುತ್ತವೆ. ಎರಡರಲ್ಲಿಯೂ ರಾವಣನು ತನ್ನ ಕೃತ್ಯಕ್ಕೆ ಹೊಣೆಯಲ್ಲ. ಹೊಣೆಯಿಲ್ಲದವನ ಕಥೆಯಿಂದ ಶ್ರಾವಕನಿಗೆ ದೊರೆಯುವ ಉಪದೇಶವಾದರೂ ಏನು?

ಕವಿಪರಂಪರೆಯು ರಾವಣನಿಗೆ ಕೊಟ್ಟಿರುವ ಗುಣಗಳು ಅಲ್ಪವಲ್ಲ. ಅವನು ವಿದ್ಯಾಧರ ಚಕ್ರೇಶ್ವರ, ಜಿನಭಕ್ತ. ನಳಕೂಬರನ ಪತ್ನಿ ಉಪರಂಭೆ ತಾನಾಗಿಯೇ ಬಯಸಿ ಬಂದಾಗ ಅವಳನ್ನು ಪತಿಯ ಬಳಿಗೇ ಕಳುಹಿಸಿದವನು. ಒಲ್ಲದ ಪರಸ್ತ್ರೀಯನ್ನು ಬಲಾತ್ಕಾರದಿಂದ ಮುಟ್ಟೆನೆಂದು ಕೇವಲಿಯ ಸನ್ನಿಧಿಯಲ್ಲಿ ವ್ರತವನ್ನು ಕೈಕೊಂಡವನು. ಆದರೆ ಈ ಗುಣಗಳನ್ನೇ ಸೂಕ್ಷ್ಮವಾಗಿ ಪರಿಶೀಲಿಸಬೇಕು. ಉಪರಂಭೆಯನ್ನು ಹಿಂದಕ್ಕೆ ಕಳುಹಿಸುವ ಮೊದಲು ಶತ್ರುದುರ್ಗವನ್ನು ಭೇದಿಸಲು ಬೇಕಾದ ವಿದ್ಯೆಯನ್ನು ಅವಳಿಂದ ಪಡೆದುಕೊಂಡಿದ್ದಾನೆ. ಅಲ್ಲಿ ಶೀಲದ ಜೊತೆಯಲ್ಲಿಯೇ ಗೆಲ್ಲಬೇಕೆಂಬ ಹಂಬಲವೂ ಇದೆ. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಕಾಣುವ ವ್ರತವೂ ಸ್ವದಾರಸಂತೋಷದ ಪೂರ್ಣ ಅಣುವ್ರತವಲ್ಲ. 'ಒಲ್ಲದ' ಎಂಬ ವಿಶೇಷಣದಿಂದ ಅದು ಸಂಕುಚಿತವಾಗಿದೆ. ತನ್ನನ್ನು ಒಲ್ಲದವಳು ಲೋಕದಲ್ಲಿ ಇರಲಾರಳೆಂದು ನಂಬಿದವನಿಗೆ ಇಂತಹ ವ್ರತವು ಭಾರವಲ್ಲ. ಸೀತೆಯು ಒಲ್ಲೆನೆಂದಾಗಲೇ ಅದರ ಭಾರವು ಅವನಿಗೆ ಮೊದಲ ಬಾರಿಗೆ ತಿಳಿಯಿತು.

ಬಹುರೂಪಿಣೀ ವಿದ್ಯೆಯನ್ನು ಸಾಧಿಸಿದ ಬಳಿಕ ರಾವಣನು ಸೀತೆಯಿದ್ದಲ್ಲಿಗೆ ಬಂದು ತನ್ನ ಶಕ್ತಿಯನ್ನು ಹೇಳಿಕೊಳ್ಳುತ್ತಾನೆ. ರಾಮನಿಗೆ ಕೇಡಾಗುವುದೆಂಬ ಭಯದಿಂದ ಸೀತೆ ಮೂರ್ಛೆ ಹೋಗುತ್ತಾಳೆ. ಆ ಕ್ಷಣದಲ್ಲಿ ಅವನ ಮನಸ್ಸು ತಿರುಗುತ್ತದೆ. ಅನ್ಯೋನ್ಯರಾದ ದಂಪತಿಗಳನ್ನು ಅಗಲಿಸಿದೆನೆಂದೂ, ವಿಭೀಷಣನ ಹಿತವಚನವನ್ನು ಧಿಕ್ಕರಿಸಿದೆನೆಂದೂ, ಕುಲಕ್ಕೆ ಕಳಂಕವನ್ನು ತಂದೆನೆಂದೂ ಪರಿತಪಿಸುತ್ತಾನೆ. ಸೀತೆಯ ಮೇಲಣ ಮೋಹವು ಅಲ್ಲಿಗೆ ಇಳಿಯಿತು. ಈ ಸಂದರ್ಭದ ಪದ್ಯಗಳನ್ನು ಮಾತ್ರ ಬೇರ್ಪಡಿಸಿ ಓದಿದವರಿಗೆ ರಾವಣನು ಪರಿಶುದ್ಧನಾದನೆಂದು ತೋರುವುದು ಸಹಜ.

ಆದರೆ ಗ್ರಂಥವು ಅಲ್ಲಿ ನಿಲ್ಲುವುದಿಲ್ಲ. ಒಡನೆಯೇ ಅವನು ಇನ್ನೊಂದು ಬಗೆಯಲ್ಲಿ ಚಿಂತಿಸುತ್ತಾನೆ: ಈಗಲೇ ಸೀತೆಯನ್ನು ಒಪ್ಪಿಸಿದರೆ ಲೋಕವು ತನ್ನನ್ನು ಅಂಜಿದನೆನ್ನುವುದು, ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಗೆದ್ದು, ಸೆರೆಹಿಡಿದು ತಂದು, ಆಮೇಲೆ ಒಪ್ಪಿಸಿದರೆ ಕೀರ್ತಿಯು ಉಳಿಯುವುದು. ಈ ನಿರ್ಧಾರವನ್ನು ಪಶ್ಚಾತ್ತಾಪದಿಂದ ಬೇರ್ಪಡಿಸಲಾಗದು. ಕರ್ಮಸಿದ್ಧಾಂತದ ಪರಿಭಾಷೆಯಲ್ಲಿ ಹೇಳುವುದಾದರೆ, ಚಾರಿತ್ರಮೋಹನೀಯದ ಒಂದು ಪ್ರಕೃತಿಯಾದ ವೇದನೋಕಷಾಯದ ಉದಯವು ಮಂದವಾದಾಗ ಅದರದೇ ಇನ್ನೊಂದು ಪ್ರಕೃತಿಯಾದ ಮಾನಕಷಾಯವು ತೀವ್ರವಾಗಿ ಉದಯಿಸಿತು. ಕಾಮವು ತೊಲಗಿದ ಎಡೆಗೆ ಅಭಿಮಾನವು ಬಂದು ಕುಳಿತಿತು. ಗೊಮ್ಮಟಸಾರವು ಮಾನದ ಅತಿ ಕಠಿನವಾದ ಬಗೆಯನ್ನು ಕಲ್ಲಿಗೆ ಹೋಲಿಸುತ್ತದೆ. ಕಲ್ಲು ಒಡೆದೀತಲ್ಲದೆ ಬಾಗದು. ರಾವಣನ ಅಂತ್ಯಕ್ಕೆ ಇದಕ್ಕಿಂತ ತಕ್ಕ ವಿವರಣೆ ಬೇಕಿಲ್ಲ.

ಇಲ್ಲಿ ನಿಂದೆ ಮತ್ತು ಗರ್ಹೆಗಳ ಭೇದವು ಬಹು ಉಪಯುಕ್ತ. ತನ್ನ ದೋಷವನ್ನು ತನ್ನಲ್ಲಿಯೇ ಹಳಿದುಕೊಳ್ಳುವುದು ನಿಂದೆ. ಅದನ್ನು ಗುರುವಿನ ಅಥವಾ ಪರರ ಸಾಕ್ಷಿಯಲ್ಲಿ ಹಳಿದುಕೊಳ್ಳುವುದು ಗರ್ಹೆ. ರಾವಣನು ತನ್ನನ್ನು ತಾನು ನಿಂದಿಸಿಕೊಂಡನು, ಅದರಲ್ಲಿ ಕಪಟವಿಲ್ಲ. ಗರ್ಹೆಯಾದರೋ ಅವನಿಂದ ಸಾಧ್ಯವಾಗಲಿಲ್ಲ. ವಿಭೀಷಣನನ್ನು ಮರಳಿ ಕರೆಯುವುದು, ರಾಮನಿಗೆ ದೂತನನ್ನು ಕಳುಹಿಸುವುದು, ಇವೆಲ್ಲ ಪರರ ಮುಂದೆ ತಲೆಬಾಗುವ ಕಾರ್ಯಗಳು. ಮಾನವು ತಡೆದದ್ದು ಇದನ್ನೇ. ಗೆಲುವಿನ ವರೆಗೆ ಮುಂದೂಡಿದ ಪಶ್ಚಾತ್ತಾಪವು ಪ್ರತಿಕ್ರಮಣವಾಗದು. ಅವನ ಮುಂದೆ ದಾರಿ ತೆರೆದಿತ್ತು, ಆರಿಸಿದವನೂ ಅವನೇ. ಆದುದರಿಂದಲೇ ಅವನ ಪತನವನ್ನು ವಿಧಿಯ ಮೇಲೆ ಹೊರಿಸುವುದು ಯುಕ್ತವಲ್ಲ.

ಈ ಸನ್ನಿವೇಶವನ್ನು ನಾಗಚಂದ್ರನು ಸ್ವತಂತ್ರವಾಗಿ ಕಲ್ಪಿಸಿದನೆಂದೂ ಹೇಳಲಾಗದು. ವಿಮಲಸೂರಿಯ ಪಉಮಚರಿಯದಲ್ಲಿಯೂ, ರವಿಷೇಣರ ಪದ್ಮಪುರಾಣದಲ್ಲಿಯೂ ಇದರ ಮೂಲವಿದೆ. ಕನ್ನಡ ಕವಿಯ ಹಿರಿಮೆಯು ಆಯ್ಕೆಯಲ್ಲಿಯೂ ಹದದಲ್ಲಿಯೂ ಇದೆ. ಗುಣಭದ್ರಾಚಾರ್ಯರ ಉತ್ತರಪುರಾಣವನ್ನು ಅನುಸರಿಸಿ ಕ್ರಿ. ಶ. 978ರಲ್ಲಿ ರಚಿತವಾದ ಚಾವುಂಡರಾಯಪುರಾಣದ ಕಥಾಮಾರ್ಗವೂ ಅವನ ಕಾಲಕ್ಕೆ ಕನ್ನಡದಲ್ಲಿತ್ತು. ಆ ಮಾರ್ಗದಲ್ಲಿ ಸೀತೆಯು ರಾವಣನ ಮಗಳೇ. ಅದನ್ನರಿಯದೆ ಅವನು ಅವಳನ್ನು ಬಯಸುತ್ತಾನೆ. ಅಲ್ಲಿ ಕೇಡಿಗೆ ಅಜ್ಞಾನವು ಕಾರಣವಾಗುತ್ತದೆ. ನಾಗಚಂದ್ರನು ಹಿಡಿದ ಮಾರ್ಗದಲ್ಲಿ ರಾವಣನು ಎಲ್ಲವನ್ನೂ ಅರಿತೇ ಕೆಡುತ್ತಾನೆ. ತಪ್ಪನ್ನು ಕಂಡೂ ತಿದ್ದಿಕೊಳ್ಳಲಾರದವನ ಸಂಕಟವು ಸಹೃದಯನಿಗೆ ಹೆಚ್ಚು ಹತ್ತಿರದ್ದು. ಏಕೆಂದರೆ ಅದು ರಾಕ್ಷಸನ ಸ್ವಭಾವವಲ್ಲ, ಕಷಾಯವುಳ್ಳ ಎಲ್ಲ ಜೀವರ ಸ್ವಭಾವ.

ರಾವಣನಲ್ಲಿ ಅನುಕಂಪವು ಹುಟ್ಟುವುದು ದೋಷವಲ್ಲ. ಅನುಕಂಪೆಯು ಸಮ್ಯಕ್ತ್ವದ ಲಕ್ಷಣಗಳಲ್ಲಿ ಒಂದು. ಆದರೆ ಅನುಕಂಪವು ದೋಷಮುಕ್ತಿಯಲ್ಲ. ಪದ್ಮಪುರಾಣವು ಅವನನ್ನು ನರಕಕ್ಕೂ ಕಳುಹಿಸುತ್ತದೆ, ಮುಂದಣ ಭವಗಳಲ್ಲಿ ತೀರ್ಥಂಕರನಾಗುವನೆಂದೂ ಸಾರುತ್ತದೆ. ಮೊದಲನೆಯದು ಕರ್ಮದ ಲೆಕ್ಕ, ಎರಡನೆಯದು ಜೀವದ ಯೋಗ್ಯತೆ. ನಾಗಚಂದ್ರನ ರಾವಣನನ್ನು ವಿಮರ್ಶಿಸುವವರು ಈ ಎರಡರಲ್ಲಿ ಒಂದನ್ನು ಕೈಬಿಟ್ಟರೂ ಪಾತ್ರದ ಅರ್ಧವನ್ನು ಮಾತ್ರ ಓದಿದಂತಾಗುತ್ತದೆ.