ಆರು ರೋಬೋಟ್, ಒಂದು ಕ್ಯಾಮೆರಾ

ಫಸ್ಟ್ ರೋಬೋಟಿಕ್ಸ್ ಸ್ಪರ್ಧೆಯ ನೇರಪ್ರಸಾರದಲ್ಲಿ ಕ್ಯಾಮೆರಾ ಹಿಡಿದಿಡಬೇಕಾದದ್ದು ಸುಮಾರು 54 ಅಡಿ ಉದ್ದ, 27 ಅಡಿ ಅಗಲದ ಅಂಕಣವನ್ನು. ಅದರೊಳಗೆ ಕೆಂಪು, ನೀಲಿ ಎಂಬ ಎರಡು ಕೂಟಗಳು. ಕೂಟಕ್ಕೆ ಮೂರರಂತೆ ಆರು ರೋಬೋಟ್‌ಗಳು. ಎರಡೂವರೆ ನಿಮಿಷದ ಆಸುಪಾಸಿನಲ್ಲಿ ಪಂದ್ಯ ಮುಗಿಯುತ್ತದೆ. ಮೊದಲ ಕೆಲವು ಸೆಕೆಂಡು ರೋಬೋಟ್‌ಗಳು ತಮ್ಮಷ್ಟಕ್ಕೆ ತಾವೇ ಓಡುತ್ತವೆ, ಆಮೇಲೆ ಹೈಸ್ಕೂಲು ವಿದ್ಯಾರ್ಥಿಗಳು ಪಾರದರ್ಶಕ ಗೋಡೆಯ ಹಿಂದೆ ನಿಂತು ಅವುಗಳನ್ನು ನಡೆಸುತ್ತಾರೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1992ರಲ್ಲಿ ಶುರುವಾದ ಈ ಸ್ಪರ್ಧೆಯ ಪ್ರಾದೇಶಿಕ ಸುತ್ತುಗಳು ಈಗ ಟ್ವಿಚ್, ಯೂಟ್ಯೂಬ್‌ಗಳಲ್ಲಿ ನೇರವಾಗಿ ಬರುತ್ತವೆ. ಹಲವು ಕಡೆ ಕ್ಯಾಮೆರಾ ನಡೆಸುವವರು ಸ್ವಯಂಸೇವಕರೇ.

ಈ ಪ್ರಸಾರಗಳ ದೊಡ್ಡ ದೋಷ ಹಣದ ಕೊರತೆಯಿಂದ ಬಂದದ್ದಲ್ಲ, ಟಿವಿ ಕ್ರೀಡೆಯಿಂದ ಎರವಲು ತಂದ ಚಾಳಿಯಿಂದ ಬಂದದ್ದು. ಕ್ರಿಕೆಟ್ಟಿನಲ್ಲಿ ಚೆಂಡು ಹೋದಲ್ಲಿಗೆ ಕ್ಯಾಮೆರಾ ಹೋದರೆ ಆಟ ಸಿಕ್ಕಿದ ಹಾಗೆಯೇ. ಇಲ್ಲಿ ಅಂಥ ಒಂದು ಚೆಂಡಿಲ್ಲ. ಒಂದು ತುದಿಯಲ್ಲಿ ಒಂದು ರೋಬೋಟ್ ಅಂಕ ಗಳಿಸುತ್ತಿರುವಾಗಲೇ ಇನ್ನೊಂದು ತುದಿಯಲ್ಲಿ ಮತ್ತೊಂದು ಎದುರಾಳಿಯನ್ನು ಅಡ್ಡಗಟ್ಟಿ ನಿಂತಿರುತ್ತದೆ, ಮೂರನೆಯದು ಕೆಟ್ಟು ಕೂತಿರುತ್ತದೆ. ಪಂದ್ಯದ ಫಲಿತಾಂಶವನ್ನು ಕೆಲವೊಮ್ಮೆ ನಿರ್ಧರಿಸುವುದು ಆ ಕೆಟ್ಟು ಕೂತದ್ದೇ. 2014ರ ‘ಏರಿಯಲ್ ಅಸಿಸ್ಟ್’ ಆಟದಲ್ಲಿ ಕೂಟಕ್ಕೊಂದು ದೊಡ್ಡ ಚೆಂಡನ್ನು ಕೊಟ್ಟು, ರೋಬೋಟ್‌ಗಳು ಅದನ್ನು ಪರಸ್ಪರ ದಾಟಿಸುವಂತೆ ಮಾಡಲಾಗಿತ್ತು. ಚೆಂಡಿನ ಹಿಂದೆ ಹೋಗುವ ಕ್ಯಾಮೆರಾಕ್ಕೆ ಒಂದಿಷ್ಟು ಅರ್ಥವಿದ್ದ ಅಪರೂಪದ ವರ್ಷ ಅದು. ಆಗಲೂ ಚೆಂಡು ಎರಡು!

ನೋಡುಗರೂ ಒಂದೇ ಬಗೆಯವರಲ್ಲ. ಮನೆಯಲ್ಲಿ ಕೂತ ಅಪ್ಪ ಅಮ್ಮಂದಿರಿಗೆ ತಮ್ಮ ಮಕ್ಕಳ ರೋಬೋಟ್ ಹತ್ತಿರದಿಂದ ಕಂಡರೆ ಸಂತೋಷ. ಸ್ಕೌಟಿಂಗ್, ಅಂದರೆ ಬೇರೆ ತಂಡಗಳ ಆಟ ಗಮನಿಸಿ ಲೆಕ್ಕವಿಡುವ ಕೆಲಸ ಮಾಡುವ ವಿದ್ಯಾರ್ಥಿಗಳ ಅಗತ್ಯ ಬೇರೆ. ನಾಕೌಟ್ ಹಂತಕ್ಕೆ ಮುನ್ನ ಮೇಲಿನ ಸ್ಥಾನದ ತಂಡಗಳು ತಮ್ಮ ಜೊತೆಗಾರರನ್ನು ಆರಿಸಿಕೊಳ್ಳುತ್ತವೆ. ಯಾರು ಎಷ್ಟು ಅಂಕ ತಂದರು, ಯಾರು ಅಡ್ಡಿಯನ್ನು ತಡೆದುಕೊಂಡರು ಎಂಬ ಲೆಕ್ಕ ಅದಕ್ಕೆ ಬೇಕು. ಬೇರೆ ಊರಿನ ತಂಡಗಳು ಮುಂದಿನ ಎದುರಾಳಿಗಳನ್ನು ಅರಿಯುವುದೂ ‘ದ ಬ್ಲೂ ಅಲಯನ್ಸ್’ ತಾಣದಲ್ಲಿ ಪಂದ್ಯವಾರು ಜೋಡಿಸಿಟ್ಟ ಈ ವೀಡಿಯೋಗಳಿಂದಲೇ. ಹತ್ತು ಸೆಕೆಂಡಿನ ಕ್ಲೋಸ್‌ಅಪ್ ಎಂದರೆ ಅವರ ಪಾಲಿಗೆ ಐದು ರೋಬೋಟ್‌ಗಳ ಹತ್ತು ಸೆಕೆಂಡು ಕೈತಪ್ಪಿದಂತೆ.

ಹಾಗಾಗಿ ಪಂದ್ಯ ನಡೆಯುವಷ್ಟು ಹೊತ್ತೂ ಇಡೀ ಅಂಕಣ ತೆರೆಯ ಮೇಲಿರಬೇಕು. ಅದಕ್ಕೆ ಕ್ಯಾಮೆರಾದ ಎತ್ತರ ಮುಖ್ಯ. 50 ಅಡಿ ದೂರದಲ್ಲಿ ನಾಲ್ಕು ಅಡಿ ಎತ್ತರದ ರೋಬೋಟ್ ನಿಂತಿದೆ ಎನ್ನೋಣ. ಕ್ಯಾಮೆರಾ ಎಂಟು ಅಡಿ ಎತ್ತರದಲ್ಲಿದ್ದರೆ ರೋಬೋಟಿನ ಹಿಂದಿನ 50 ಅಡಿ ನೆಲ ಮರೆಯಾಗುತ್ತದೆ. ಅಂದರೆ ಅಂಕಣದ ಅಗಲವನ್ನೂ ಮೀರಿ. ಅದೇ ಕ್ಯಾಮೆರಾವನ್ನು 20 ಅಡಿಗೆ ಏರಿಸಿದರೆ ಮರೆಯಾಗುವುದು ಹನ್ನೆರಡೂವರೆ ಅಡಿ ಮಾತ್ರ. ಪ್ರೇಕ್ಷಕರ ಗ್ಯಾಲರಿಯ ಮೇಲಿನ ಸಾಲಿನಲ್ಲಿ, ನಡುಗೆರೆಗೆ ನೇರವಾಗಿ ಇಟ್ಟ ಸಾಧಾರಣ ಕ್ಯಾಮೆರಾ, ಅಂಕಣದ ಪಕ್ಕದಲ್ಲೇ ಹೆಗಲ ಮೇಲೆ ಹೊತ್ತ ದುಬಾರಿ ಕ್ಯಾಮೆರಾಕ್ಕಿಂತ ಉಪಯುಕ್ತವಾಗುವುದು ಈ ಸರಳ ರೇಖಾಗಣಿತದಿಂದ. ದೂರದ ಲೆಕ್ಕವೂ ಹೀಗೆಯೇ: 60 ಡಿಗ್ರಿ ಅಗಲ ನೋಡುವ ಲೆನ್ಸಿಗೆ ಅಂಕಣದ ಹತ್ತಿರದ ಅಂಚಿನಿಂದ 47 ಅಡಿ ಹಿಂದೆ ಜಾಗ ಬೇಕು. ಶಾಲೆಯ ಜಿಮ್‌ಗಳಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ. 90 ಡಿಗ್ರಿಯ ಲೆನ್ಸಿಗೆ 27 ಅಡಿ ಸಾಕು, ಆದರೆ ಆಚೆ ಬದಿಯ ರೋಬೋಟ್‌ಗಳು ಕುಗ್ಗಿಹೋಗುತ್ತವೆ.

ಇಡೀ ಅಂಕಣ ತೋರಿಸುವುದಕ್ಕೆ ತೆರಬೇಕಾದ ಬೆಲೆಯೂ ಇದೆ. ರೋಬೋಟ್‌ಗಳ ಗುರುತು ಬಂಪರಿನ ಮೇಲಿನ ತಂಡದ ಸಂಖ್ಯೆ. ಅಂಕೆಯ ಎತ್ತರ ಸುಮಾರು ನಾಲ್ಕು ಅಂಗುಲ. 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ 54 ಅಡಿ ತುಂಬಿಸಿದರೆ ಹತ್ತಿರದ ಅಂಚಿನಲ್ಲಿ ಆ ಅಂಕೆಗೆ ಸಿಗುವುದು ಹನ್ನೆರಡೇ ಪಿಕ್ಸೆಲ್. 60 ಡಿಗ್ರಿ ಲೆನ್ಸಿನಲ್ಲಿ ಆಚೆ ಅಂಚಿಗೆ ಏಳೆಂಟು. ಪ್ರಸಾರದ ಕಂಪ್ರೆಷನ್‌ಗೆ ಸಿಕ್ಕಿ ಅದೂ ಕಲಸಿಹೋಗುತ್ತದೆ. ಕ್ಲೋಸ್‌ಅಪ್‌ನ ಪರ ವಾದಿಸುವವರಿಗೆ ಇರುವ ಗಟ್ಟಿ ಕಾರಣ ಇದೊಂದೇ. ಅದಕ್ಕೂ ದಾರಿಯಿದೆ. ಪಂದ್ಯ ಶುರುವಾಗುವ ಮುನ್ನ, ರೋಬೋಟ್‌ಗಳು ಸಾಲಾಗಿ ನಿಂತಿರುವಾಗ, ಒಂದೊಂದನ್ನೂ ಹತ್ತಿರದಿಂದ ತೋರಿಸಿಬಿಟ್ಟರೆ ನೋಡುಗರು ಆಕಾರದಿಂದಲೇ ಗುರುತು ಹಿಡಿಯುತ್ತಾರೆ. ಮಿಕ್ಕದ್ದಕ್ಕೆ ತಂಡಗಳ ಸಂಖ್ಯೆ, ಅಂಕ, ಸಮಯ ತೋರಿಸುವ ಪಟ್ಟಿ ಇದ್ದೇ ಇದೆ. ಕೆಲವು ಪ್ರಸಾರಗಳಲ್ಲಿ ಆ ಪಟ್ಟಿಯೇ ಅಂಕಣದ ಹತ್ತಿರದ ಅಂಚನ್ನು ಮುಚ್ಚಿಬಿಡುವುದು ತೀರಾ ಅಜಾಗರೂಕತೆ.

ಆಟ ಪ್ರತಿವರ್ಷ ಬದಲಾಗುವುದರಿಂದ ಕಳೆದ ವರ್ಷದ ಒಳ್ಳೆಯ ಜಾಗ ಈ ವರ್ಷವೂ ಒಳ್ಳೆಯದಾಗಿರಬೇಕೆಂದಿಲ್ಲ. 2017ರ ‘ಸ್ಟೀಮ್‌ವರ್ಕ್ಸ್’ನಲ್ಲಿ ಅಂಕಣದ ಒಳಗೇ ಎರಡು ಭಾರೀ ‘ಏರ್‌ಶಿಪ್’ಗಳಿದ್ದವು, ಅವುಗಳ ಮೇಲೆ ವಿದ್ಯಾರ್ಥಿಗಳೂ ನಿಂತಿದ್ದರು. ಎಷ್ಟು ಎತ್ತರದಿಂದ ನೋಡಿದರೂ ಅವುಗಳ ಹಿಂದೆ ಒಂದಿಷ್ಟು ಜಾಗ ಕುರುಡೇ. ಅಂಥ ವರ್ಷ ಎದುರು ಬದಿಯಲ್ಲಿ ಎರಡನೆಯ ಕ್ಯಾಮೆರಾ ಇಟ್ಟು, ಅದರ ಚಿತ್ರವನ್ನು ಮೂಲೆಯಲ್ಲಿ ಚಿಕ್ಕದಾಗಿ ತೋರಿಸುವುದು ನ್ಯಾಯ.

ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟದ ರೋಬೋಕಾನ್ ಇದಕ್ಕೆ ಒಳ್ಳೆಯ ಹೋಲಿಕೆ. 2002ರಲ್ಲಿ ಟೋಕಿಯೋದಲ್ಲಿ ಆರಂಭವಾದ, 2008 ಮತ್ತು 2014ರಲ್ಲಿ ಪುಣೆಗೂ ಬಂದ ಆ ಸ್ಪರ್ಧೆಯನ್ನು ಹುಟ್ಟಿಸಿದ್ದೇ ಪ್ರಸಾರ ಸಂಸ್ಥೆಗಳು. ಭಾರತದಲ್ಲಿ ಅದರ ಹೊಣೆ ದೂರದರ್ಶನದ್ದು. ಪಂದ್ಯಕ್ಕೆ ಎರಡೇ ತಂಡ, ಸಾಮಾನ್ಯವಾಗಿ ಮೂರೇ ನಿಮಿಷ. ಅಲ್ಲಿ ಹತ್ತಿರದ ಚಿತ್ರದಿಂದ ನಷ್ಟ ಕಡಿಮೆ. ಆ ಶೈಲಿಯನ್ನು ಆರು ರೋಬೋಟ್‌ಗಳ ಅಂಕಣಕ್ಕೆ ತಂದು ಹೇರಿದಾಗ ಕ್ರೇನ್ ಕ್ಯಾಮೆರಾದ ಓಲಾಟ, ಚಾಲಕರ ಮುಖಗಳು, ಕುಣಿಯುವ ಪ್ರೇಕ್ಷಕರು ಸಿಗುತ್ತಾರೆ, ಪಂದ್ಯ ಸಿಗುವುದಿಲ್ಲ. ದೊಡ್ಡ ಸ್ಪರ್ಧೆಗಳ ಪ್ರಸಾರ ಕೆಲವೊಮ್ಮೆ ಸಣ್ಣ ಜಿಮ್‌ನ ಒಂಟಿ ಕ್ಯಾಮೆರಾಕ್ಕಿಂತ ಕಳಪೆಯೆನಿಸುವುದು ಇದಕ್ಕೇ.

ಉಳಿದ ವಿಷಯಗಳು ಚಿಕ್ಕವು, ಆದರೆ ಕೆಡಿಸಬಲ್ಲವು. ಫೋಕಸ್, ಎಕ್ಸ್‌ಪೋಷರ್‌ಗಳನ್ನು ಕೈಯಾರೆ ಹೊಂದಿಸಿ ಲಾಕ್ ಮಾಡದಿದ್ದರೆ ಅಂಕಣದ ದೀಪ ಮಿನುಗಿದಾಗಲೆಲ್ಲ ಚಿತ್ರ ಬೆಳಗಿ ಮಂಕಾಗುತ್ತದೆ. ನಿರೂಪಕರ ಧ್ವನಿಯನ್ನು ಸಭಾಂಗಣದ ಮೈಕಿನಿಂದ ಹಿಡಿಯದೆ ಸೌಂಡ್ ಮಿಕ್ಸರಿನಿಂದ ನೇರ ತಂತಿಯಲ್ಲಿ ತರಬೇಕು. ಪಂದ್ಯಗಳ ನಡುವೆ ಹಾಕುವ ಹಾಡುಗಳನ್ನು ಪ್ರಸಾರಕ್ಕೆ ಬಿಡಬಾರದು, ಇಲ್ಲವಾದರೆ ಹಕ್ಕುಸ್ವಾಮ್ಯದ ತಕರಾರಿನಿಂದ ರೆಕಾರ್ಡಿಂಗ್ ಮೂಕವಾಗುತ್ತದೆ. ರೋಬೋಟ್‌ಗಳು ವೈಫೈನಲ್ಲೇ ನಡೆಯುವುದರಿಂದ ಸಭಾಂಗಣದಲ್ಲಿ ಹಾಟ್‌ಸ್ಪಾಟ್‌ಗಳಿಗೆ ಅವಕಾಶವಿಲ್ಲ. ಪ್ರಸಾರಕ್ಕೆ ತಂತಿಯ ಇಂಟರ್ನೆಟ್ ಸಂಪರ್ಕವನ್ನೇ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಎರಡು ವಾಹಿನಿ ನಡೆಸುವಷ್ಟು ಸಂಪರ್ಕ ಸಿಕ್ಕರೆ ಒಂದರಲ್ಲಿ ಸಂಭ್ರಮ, ಇನ್ನೊಂದರಲ್ಲಿ ಕದಲದ ಅಂಕಣ. ಒಂದೇ ಸಿಕ್ಕರೆ ಅದು ಅಂಕಣಕ್ಕೇ ಸಲ್ಲಬೇಕು.